ಹೆಡಿ ಲಮಾರ್ ವೈ-ಫೈ ಕಂಡುಹಿಡಿದರೇ? ಯುದ್ಧಕಾಲದ ಒಬ್ಬ ನಟಿಯ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಉಪನ್ಯಾಸಕಿ. ವಿಜ್ಞಾನ ದಿನಾಚರಣೆಗೆ ನಮ್ಮ ವಿದ್ಯಾರ್ಥಿನಿಯರು ಹಾಲಿವುಡ್ ನಟಿ ಹೆಡಿ ಲಮಾರ್ ಅವರ ಬಗ್ಗೆ ಭಿತ್ತಿಫಲಕ ಮಾಡಲು ಹೊರಟಿದ್ದಾರೆ. ಅದಕ್ಕೆ ಆಧಾರ ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಸಂದೇಶ. ವೈ-ಫೈ, ಬ್ಲೂಟೂತ್, ಜಿಪಿಎಸ್ ಮೂರನ್ನೂ ಕಂಡುಹಿಡಿದವರು ಈಕೆಯೇ. ಮೊದಲ ಗಂಡನ ಮನೆಯಲ್ಲಿ ಹಿಟ್ಲರ್ ಜೊತೆ ಊಟಕ್ಕೆ ಕುಳಿತು ಶಸ್ತ್ರಾಸ್ತ್ರದ ಗುಟ್ಟು ಕದ್ದರು. ಅಮೆರಿಕದ ನೌಕಾಪಡೆ ಹೆಣ್ಣೆಂಬ ಕಾರಣಕ್ಕೆ ಆವಿಷ್ಕಾರವನ್ನು ತಳ್ಳಿಹಾಕಿ ಯುದ್ಧಸಾಲದ ಬಾಂಡ್ ಮಾರಲು ಅಟ್ಟಿತು. ಮುಂದೆ ಅದೇ ಆವಿಷ್ಕಾರವನ್ನು ಕದ್ದು ಲಾಭ ಮಾಡಿಕೊಂಡಿತು ಎಂದೆಲ್ಲ ಅದರಲ್ಲಿದೆ. ಎಲೆಕ್ಟ್ರಾನಿಕ್ಸ್ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರು ಇದೆಲ್ಲ ಸಿನಿಮಾ ಪ್ರಚಾರ, ಕೆಲಸ ಮಾಡಿದ್ದು ಒಬ್ಬ ಸಂಗೀತಗಾರ, ಹೆಸರು ಮಾತ್ರ ನಟಿಯದು ಎನ್ನುತ್ತಾರೆ. ಮಕ್ಕಳಿಗೆ ಸುಳ್ಳು ಹೇಳಲು ಇಷ್ಟವಿಲ್ಲ, ಅವರ ಉತ್ಸಾಹಕ್ಕೆ ತಣ್ಣೀರೆರಚಲೂ ಇಷ್ಟವಿಲ್ಲ. ಫಲಕದಲ್ಲಿ ಏನು ಬರೆಯಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಬೆರೆತಿವೆ. ಸಂದೇಶದಲ್ಲಿ ಎಷ್ಟು ನಿಜ ಎಂಬುದು ಒಂದು. ಸುಳ್ಳಿನ ಭಾಗವನ್ನು ತೆಗೆದರೆ ಮಕ್ಕಳಿಗೆ ಹೇಳಲು ಏನಾದರೂ ಉಳಿಯುತ್ತದೆಯೇ ಎಂಬುದು ಇನ್ನೊಂದು. ಪೇಟೆಂಟ್ ದಾಖಲೆಗಳನ್ನು ಓದಿ, ಯಾವ ಅರ್ಜಿಯಲ್ಲಿ ಹೊಸತೇನಿದೆ, ಯಾವುದರಲ್ಲಿ ಇಲ್ಲ ಎಂದು ಹೇಳುವುದು ನನ್ನ ವೃತ್ತಿ. ಆ ಕಡೆಯಿಂದ ನೋಡಿದರೆ ಸಂದೇಶವೂ ತಪ್ಪಿದೆ, ನಿಮ್ಮ ಸಹೋದ್ಯೋಗಿಯೂ ತಪ್ಪಿದ್ದಾರೆ. ನನ್ನನ್ನು ಕೇಳಿದರೆ, ಈ ವಾದದ ಗದ್ದಲದಲ್ಲಿ ಹೆಚ್ಚು ಅನ್ಯಾಯವಾಗಿರುವುದು ಆಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಡಿದ ಸ್ವಯಂಸೇವೆಗೆ.

ಮೊದಲು ಆಕೆ ಯಾರೆಂಬುದನ್ನು ಚುಟುಕಾಗಿ ನೋಡೋಣ. ಹುಟ್ಟಿದ್ದು 1914ರ ನವೆಂಬರ್ 9ರಂದು, ವಿಯೆನ್ನಾದ ಯಹೂದಿ ಮೂಲದ ಮನೆಯಲ್ಲಿ. ಹೆಸರು ಹೆಡ್ವಿಗ್ ಕೀಸ್ಲರ್. ತಂದೆ ಬ್ಯಾಂಕಿನ ಅಧಿಕಾರಿ, ತಾಯಿ ಪಿಯಾನೊ ವಾದಕಿ. 1933ರಲ್ಲಿ ಬಂದ ‘ಎಕ್ಸ್ಟಸಿ’ ಎಂಬ ಚೆಕ್ ಚಿತ್ರ ಆಕೆಗೆ ಖ್ಯಾತಿ, ಅಪಖ್ಯಾತಿ ಎರಡನ್ನೂ ತಂದಿತು. ಅದೇ ವರ್ಷ ಶಸ್ತ್ರಾಸ್ತ್ರ ತಯಾರಕ ಫ್ರಿಟ್ಜ್ ಮಾಂಡ್ಲ್ ಜೊತೆ ಮದುವೆಯಾಯಿತು. 1937ರಲ್ಲಿ ಆ ಸಂಸಾರವನ್ನು ಬಿಟ್ಟು ಲಂಡನ್ನಿಗೆ ಬಂದ ಆಕೆಗೆ ಎಂಜಿಎಂ ಸ್ಟುಡಿಯೋದ ಲೂಯಿ ಬಿ. ಮೇಯರ್ ಪರಿಚಯವಾಗಿ, ಅಮೆರಿಕಕ್ಕೆ ಹೊರಟ ‘ನಾರ್ಮಂಡಿ’ ಹಡಗಿನಲ್ಲಿ ಕರಾರು ಕುದುರಿತು. ಮರುವರ್ಷ ‘ಅಲ್ಜಿಯರ್ಸ್’ ತೆರೆಕಂಡ ಮೇಲೆ ಆಕೆ ತಾರೆ. ಆದರೆ ‘ಬೂಮ್ ಟೌನ್’, ‘ಜೀಗ್‌ಫೆಲ್ಡ್ ಗರ್ಲ್’, ‘ವೈಟ್ ಕಾರ್ಗೊ’ ಮುಂತಾದ ಚಿತ್ರಗಳಲ್ಲಿ ಸ್ಟುಡಿಯೋ ಆಕೆಯಿಂದ ಬಯಸಿದ್ದು ಮುಖ್ಯವಾಗಿ ಸೌಂದರ್ಯವನ್ನು. 1949ರ ‘ಸ್ಯಾಮ್ಸನ್ ಆ್ಯಂಡ್ ಡಿಲೈಲಾ’ದ ಭಾರೀ ಯಶಸ್ಸೂ ಆ ಚೌಕಟ್ಟಿನಾಚೆಗೆ ಹೋಗಲಿಲ್ಲ. ನಡುವೆ ಎಂಜಿಎಂ ಬಿಟ್ಟು ತಾವೇ ನಿರ್ಮಾಣಕ್ಕೆ ಇಳಿದು ‘ದಿ ಸ್ಟ್ರೇಂಜ್ ವುಮನ್’ ಚಿತ್ರದಲ್ಲಿ ಖಳಛಾಯೆಯ ನಾಯಕಿಯಾದದ್ದನ್ನು ನೋಡಿದವರಿಗೆ ಆಕೆ ಬರೀ ಮುಖವಲ್ಲ ಎಂಬುದು ಗೊತ್ತು.

ಇನ್ನು ಹಿಟ್ಲರ್ ಊಟದ ಕಥೆ. ಮಾಂಡ್ಲ್ ಬೆಂಬಲಿಸಿದ್ದು ಆಸ್ಟ್ರಿಯಾದ ಸ್ವದೇಶಿ ಸರ್ವಾಧಿಕಾರಿ ಬಣವನ್ನು. ಆ ಬಣದ ಸರ್ಕಾರ 1933ರ ಜೂನ್‌ನಲ್ಲಿ ನಾಜಿ ಪಕ್ಷವನ್ನು ನಿಷೇಧಿಸಿತ್ತು. ಮೇಲಾಗಿ ಮಾಂಡ್ಲ್ ತಂದೆ ಯಹೂದಿ ಮೂಲದವರು. ಫ್ಯಾಸಿಸ್ಟ್ ಇಟಲಿಯೊಡನೆ ಮಾಂಡ್ಲ್‌ಗೆ ವ್ಯವಹಾರವಿತ್ತು, ನಿಜ. ಆದರೆ ಇಂಥವನ ಮನೆಗೆ ಹಿಟ್ಲರ್ ಊಟಕ್ಕೆ ಬಂದನೆಂದು ನಂಬಲು ಇತಿಹಾಸದ ಅರಿವನ್ನು ಪಕ್ಕಕ್ಕಿಡಬೇಕಾಗುತ್ತದೆ. ಸೇವಕಿಯ ವೇಷ ಹಾಕಿ ಪರಾರಿಯಾದ ರೋಚಕ ಪ್ರಸಂಗಕ್ಕೆ ಆಧಾರ 1966ರಲ್ಲಿ ಆಕೆಯ ಹೆಸರಿನಲ್ಲಿ ಬಂದ ಆತ್ಮಕಥೆ. ಅದನ್ನು ಬರೆದವರು ಬೇರೆಯವರು, ಮತ್ತು ಅದರ ವಿರುದ್ಧ ಸ್ವತಃ ಆಕೆಯೇ ಮೊಕದ್ದಮೆ ಹೂಡಿದ್ದರು. ಫಲಕದಿಂದ ಇವೆರಡನ್ನೂ ನಿಸ್ಸಂಕೋಚವಾಗಿ ಕೈಬಿಡಿ. ಶಸ್ತ್ರಾಸ್ತ್ರ ವ್ಯಾಪಾರಿಯ ಮನೆಯಲ್ಲಿ ನಾಲ್ಕು ವರ್ಷ ಇದ್ದವರ ಕಿವಿಗೆ ಆ ವಿಷಯದ ಮಾತುಗಳು ಬಿದ್ದಿದ್ದವು ಎನ್ನುವುದಷ್ಟೇ ಸಾಕು. ಅದಕ್ಕೆ ಗೂಢಚರ್ಯೆಯ ಬಣ್ಣ ಬೇಕಿಲ್ಲ.

ಈಗ ಆವಿಷ್ಕಾರಕ್ಕೆ ಬರೋಣ. 1940ರ ಬೇಸಿಗೆಯ ಕೊನೆಯಲ್ಲಿ ಆಕೆಗೆ ಜಾರ್ಜ್ ಆ್ಯಂಥೀಲ್ ಎಂಬ ಸಂಗೀತ ಸಂಯೋಜಕರ ಪರಿಚಯವಾಯಿತು. ಸುರುಳಿ ಕಾಗದದಲ್ಲಿ ಕೊರೆದ ರಂಧ್ರಗಳ ಪ್ರಕಾರ ತಾನೇ ನುಡಿಯುವ ಸ್ವಯಂಚಾಲಿತ ಪಿಯಾನೊಗಳನ್ನು, ಒಂದಕ್ಕಿಂತ ಹೆಚ್ಚನ್ನು ಒಟ್ಟಿಗೆ, ಒಂದೇ ತಾಳಕ್ಕೆ ನುಡಿಸುವ ಸಾಹಸಕ್ಕೆ ಕೈಹಾಕಿದ್ದವರು ಅವರು. ಆ ಜೂನ್‌ನಲ್ಲಷ್ಟೇ ಅವರ ತಮ್ಮ, ಅಮೆರಿಕದ ರಾಜತಾಂತ್ರಿಕ ಟಪಾಲು ಒಯ್ಯುತ್ತಿದ್ದವರು, ಬಾಲ್ಟಿಕ್ ಸಮುದ್ರದ ಮೇಲೆ ಸೋವಿಯತ್ ಬಾಂಬರ್‌ಗಳು ಹೊಡೆದುರುಳಿಸಿದ ಪ್ರಯಾಣಿಕ ವಿಮಾನದಲ್ಲಿ ಸತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಮಕ್ಕಳನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ‘ಸಿಟಿ ಆಫ್ ಬನಾರಸ್’ ಹಡಗನ್ನು ಜರ್ಮನಿಯ ಜಲಾಂತರ್ಗಾಮಿ ಮುಳುಗಿಸಿದಾಗ, ಸ್ಥಳಾಂತರ ಯೋಜನೆಯಡಿ ಹೊರಟಿದ್ದ 90 ಮಕ್ಕಳಲ್ಲಿ 77 ಮಂದಿ ಅಸುನೀಗಿದರು. ಲೋಕ ಹೊತ್ತಿ ಉರಿಯುವಾಗ ಹಾಲಿವುಡ್‌ನಲ್ಲಿ ಕುಳಿತು ಹಣ ಎಣಿಸುವುದು ಸರಿಯೆನಿಸುತ್ತಿಲ್ಲ, ಎಂಜಿಎಂ ಬಿಟ್ಟು ವಾಷಿಂಗ್ಟನ್‌ಗೆ ಹೋಗಿ ಸರ್ಕಾರಕ್ಕೆ ನೆರವಾಗಬೇಕು ಎಂದು ಲಮಾರ್ ಆ ದಿನಗಳಲ್ಲಿ ಹೇಳುತ್ತಿದ್ದುದನ್ನು ಆ್ಯಂಥೀಲ್ 1945ರ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಅವರ ಮುಂದಿದ್ದ ಸಮಸ್ಯೆ ಇದು. ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೊವನ್ನು ರೇಡಿಯೊ ಅಲೆಯಿಂದ ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಆದರೆ ಶತ್ರು ಆ ಆವರ್ತನವನ್ನು ಪತ್ತೆಹಚ್ಚಿ ಅದರ ಮೇಲೆ ಗದ್ದಲದ ಸಂಕೇತ ಹಾಯಿಸಿದರೆ ಟಾರ್ಪಿಡೊ ಕಿವುಡಾಗುತ್ತದೆ. ಇವರು ಸೂಚಿಸಿದ ಪರಿಹಾರವೆಂದರೆ, ಹಡಗಿನಲ್ಲೊಂದು ಟಾರ್ಪಿಡೊದೊಳಗೊಂದು, ಒಂದೇ ರೀತಿ ರಂಧ್ರ ಕೊರೆದ ಎರಡು ಪಟ್ಟಿಗಳನ್ನು ಏಕಕಾಲಕ್ಕೆ ಚಾಲೂ ಮಾಡಿ, ಪಟ್ಟಿ ಸರಿದಂತೆ ಕಳಿಸುವ ಯಂತ್ರವೂ ಕೇಳುವ ಯಂತ್ರವೂ ಒಟ್ಟಿಗೇ ಆವರ್ತನದಿಂದ ಆವರ್ತನಕ್ಕೆ ಜಿಗಿಯುವಂತೆ ಮಾಡುವುದು. ಪಿಯಾನೊ ಸುರುಳಿಯ ಮಾದರಿಯಲ್ಲಿ 88 ಆವರ್ತನಗಳವರೆಗೂ ಹೋಗಬಹುದು ಎಂದು ಪೇಟೆಂಟ್‌ನಲ್ಲೇ ಇದೆ. ಚಿತ್ರದಲ್ಲಿ ತೋರಿಸಿದ ಸರಳ ಮಾದರಿಯಲ್ಲಿ ಕಳಿಸುವ ಯಂತ್ರಕ್ಕೆ ಏಳು ಆವರ್ತನ, ಟಾರ್ಪಿಡೊಗೆ ನಾಲ್ಕೇ. ಉಳಿದ ಮೂರು ಶತ್ರುವಿನ ಕಣ್ಣಿಗೆ ಮಣ್ಣೆರಚುವ ಹುಸಿ ಸಂಕೇತಗಳಿಗೆ. ಈ ಒಂದು ಕಿಲಾಡಿ ವಿವರವನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಅದು ಕಾಣಸಿಗುವುದಿಲ್ಲ.

ಕ್ಯಾಲಿಫೋರ್ನಿಯಾದ ತಂತ್ರಜ್ಞಾನ ಸಂಸ್ಥೆ ಕ್ಯಾಲ್‌ಟೆಕ್‌ನ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಮ್ಯಾಕ್ಕಿಯೋನ್ ಅವರ ತಾಂತ್ರಿಕ ನೆರವು ಪಡೆದು, 1941ರ ಜೂನ್ 10ರಂದು ಅರ್ಜಿ ಸಲ್ಲಿಸಿದರು. 1942ರ ಆಗಸ್ಟ್ 11ರಂದು 2,292,387ನೇ ಸಂಖ್ಯೆಯ ಅಮೆರಿಕದ ಪೇಟೆಂಟ್ ಮಂಜೂರಾಯಿತು. ಎರಡನೆಯ ಗಂಡನ ಮನೆತನದ ಹೆಸರು ಸೇರಿದ್ದರಿಂದ ದಾಖಲೆಯಲ್ಲಿ ಆಕೆ ‘ಹೆಡಿ ಕೀಸ್ಲರ್ ಮಾರ್ಕಿ’. ನಿಮ್ಮ ಸಹೋದ್ಯೋಗಿಗೆ ನನ್ನ ಉತ್ತರ ಇಲ್ಲಿದೆ. ಅಮೆರಿಕದ ಕಾನೂನಿನಲ್ಲಿ ಆವಿಷ್ಕಾರದಲ್ಲಿ ಪಾಲಿಲ್ಲದವರ ಹೆಸರನ್ನು ಮೆರುಗಿಗಾಗಿ ಸೇರಿಸಿದರೆ ಪೇಟೆಂಟಿನ ಸಿಂಧುತ್ವಕ್ಕೇ ಕುತ್ತು. ಅಂಥ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲು ಆ್ಯಂಥೀಲ್‌ಗೆ ಯಾವ ಕಾರಣವೂ ಇರಲಿಲ್ಲ. ಮೇಲಾಗಿ ದಾಖಲೆಯಲ್ಲಿ ಅವರು ಬಳಸದೆ ಬಿಟ್ಟದ್ದು ಆಕೆಯ ತಾರಾ ಹೆಸರನ್ನೇ. ಪ್ರಚಾರಕ್ಕಾಗಿ ಮಾಡಿದವರು ಹಾಗೆ ಮಾಡುವುದಿಲ್ಲ.

ಆದರೆ ಸಂದೇಶದ ಮುಖ್ಯ ಮಾತು ಈ ದಾಖಲೆಯ ಮುಂದೆ ನಿಲ್ಲುವುದಿಲ್ಲ. ಆವರ್ತನ ಜಿಗಿತ ಎಂಬ ಕಲ್ಪನೆ ಇವರಿಗಿಂತ ಹಳೆಯದು: ಜರ್ಮನಿಯ ಟೆಲಿಫುಂಕನ್ ಕಂಪನಿ ಅಂಥದ್ದನ್ನು ಪ್ರಯತ್ನಿಸಿದ್ದರ ಪ್ರಸ್ತಾಪ 1908ರಲ್ಲಿ ಬಂದ ಯೋನಾಥನ್ ಝೆನ್ನೆಕ್ ಅವರ ನಿಸ್ತಂತು ಗ್ರಂಥದಲ್ಲಿದೆ, 1932ರಲ್ಲಿ ವಿಲ್ಲೆಮ್ ಬ್ರೋರ್ಟ್ಯೆಸ್ ಎಂಬವರಿಗೆ ಅಮೆರಿಕದಲ್ಲೇ ಪೇಟೆಂಟ್ ಸಿಕ್ಕಿದೆ. ಪೇಟೆಂಟ್ ಎಂದರೆ ಒಂದು ಇಡೀ ಕ್ಷೇತ್ರದ ಒಡೆತನ ಎಂಬ ತಪ್ಪು ತಿಳಿವಳಿಕೆಯನ್ನು ವಿದ್ಯಾವಂತರಲ್ಲೂ ನಾನು ದಿನವೂ ಕಾಣುತ್ತೇನೆ. ವಾಸ್ತವದಲ್ಲಿ ಅದು ಬೇಲಿ ಹಾಕಿದ ಒಂದು ಸಣ್ಣ ತುಂಡು ನೆಲ; ಇವರ ಬೇಲಿ ಇದ್ದದ್ದು ಏಕಕಾಲಕ್ಕೆ ಓಡುವ ರಂಧ್ರಪಟ್ಟಿಗಳ ವ್ಯವಸ್ಥೆಗೆ.

ಇಂದಿನ ಮೂರು ತಂತ್ರಗಳನ್ನು ಒಂದೇ ಚೀಲಕ್ಕೆ ತುಂಬುವುದೂ ಸರಿಯಲ್ಲ. ಬ್ಲೂಟೂತ್ ಆವರ್ತನ ಜಿಗಿತವನ್ನು ಬಳಸುತ್ತದೆ: ಅದರ ಮೂಲ ರೂಪದಲ್ಲಿ 79 ವಾಹಿನಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿತ. ಇಲ್ಲಿ ಕಲ್ಪನೆಯ ನೆಂಟಸ್ತಿಕೆ ಇದೆ ಎನ್ನಬಹುದು. ವೈ-ಫೈಯ 1997ರ ಮೊದಲ ಮಾನಕದಲ್ಲಿ ಜಿಗಿತವೂ ಒಂದು ಆಯ್ಕೆಯಾಗಿತ್ತು, ಬಳಿಕ ಅದು ಮೂಲೆಗೆ ಸರಿಯಿತು; ಇಂದಿನ ವೈ-ಫೈ ಒಂದು ವಾಹಿನಿಯನ್ನು ನೂರಾರು ಸಣ್ಣ ಉಪವಾಹಿನಿಗಳಾಗಿ ಸೀಳಿ ಮಾಹಿತಿಯನ್ನು ಅವುಗಳಲ್ಲಿ ಒಟ್ಟಿಗೆ ಕಳಿಸುವ ಬೇರೆಯದೇ ವಿಧಾನದ ಮೇಲೆ ನಿಂತಿದೆ. ಜಿಪಿಎಸ್‌ನಲ್ಲಂತೂ ಜಿಗಿತವೇ ಇಲ್ಲ. ಅದರ ಉಪಗ್ರಹಗಳೆಲ್ಲ ಒಂದೇ ಆವರ್ತನದಲ್ಲಿ ಬೇರೆ ಬೇರೆ ಸಂಕೇತಮಾಲೆಗಳನ್ನು ಕಳಿಸುತ್ತವೆ, ಗ್ರಾಹಕ ಯಂತ್ರ ಮಾಲೆಯನ್ನು ನೋಡಿ ಉಪಗ್ರಹವನ್ನು ಗುರುತಿಸುತ್ತದೆ.

ಕದ್ದರು ಎಂಬ ಆರೋಪಕ್ಕೂ ಪೇಟೆಂಟ್ ಕಾನೂನಿನಲ್ಲೇ ಉತ್ತರವಿದೆ. ಆಗಿನ ನಿಯಮದಂತೆ ಮಂಜೂರಾದ ದಿನದಿಂದ 17 ವರ್ಷ ಅವಧಿ. 1959ರಲ್ಲಿ ಅದು ಮುಗಿಯಿತು. ಆ ಬಳಿಕ ಬಂದ ಉಪಕರಣಗಳಿಗೆ ರಾಯಧನದ ಪ್ರಶ್ನೆ ಏಳುವುದಿಲ್ಲ. ರಂಧ್ರಪಟ್ಟಿಯ ಬದಲು ಎಲೆಕ್ಟ್ರಾನಿಕ್ ಮಂಡಲಗಳಿಂದ ಜಿಗಿಯುವ ವ್ಯವಸ್ಥೆ ಈ ಬೇಲಿಯೊಳಗೆ ಬರುತ್ತಿತ್ತೇ ಎಂಬುದೂ ಚರ್ಚಾಸ್ಪದ. ಆಕೆಗೆ ಇದರಿಂದ ಬಿಡಿಗಾಸು ಬರಲಿಲ್ಲವೆಂಬುದು ನಿಜ, ಆದರೆ ಪೇಟೆಂಟ್ ಪಡೆದು ಬಿಡಿಗಾಸು ಕಾಣದವರೇ ಈ ಲೋಕದಲ್ಲಿ ಹೆಚ್ಚು.

ನೌಕಾಪಡೆ ಏಕೆ ಬೇಡವೆಂದಿತು? ಹೆಣ್ಣೆಂಬ, ನಟಿಯೆಂಬ ತಾತ್ಸಾರ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಆ ಕಾಲ ಅಂಥದ್ದು. ಆದರೆ ಅದೊಂದೇ ಕಾರಣವೆನ್ನುವವರು ಯಂತ್ರವನ್ನು ನೋಡಿಲ್ಲ. ಉಪ್ಪುನೀರಿನಲ್ಲಿ ರೇಡಿಯೊ ಅಲೆ ಬಹುಬೇಗ ಕುಂದುತ್ತದೆ, ಹೀಗಾಗಿ ಮುಳುಗಿ ಸಾಗುವ ಟಾರ್ಪಿಡೊಗೆ ಆಂಟೆನಾದ ಏರ್ಪಾಡೇ ದೊಡ್ಡ ತಲೆನೋವು. ಸ್ಫೋಟಕ ಹೊತ್ತು ನುಗ್ಗುವ ಉಕ್ಕಿನ ಕೊಳವೆಯೊಳಗೆ ಕಾಗದದ ಸುರುಳಿಯೊಂದು ಹಡಗಿನಲ್ಲಿರುವ ಜೋಡಿಯೊಂದಿಗೆ ತಪ್ಪದೆ ಹೆಜ್ಜೆ ಹಾಕಬೇಕು. ಪಿಯಾನೊ ಎಂಬ ಪದ ಕಂಡ ಅಧಿಕಾರಿಗಳು ಟಾರ್ಪಿಡೊದೊಳಗೆ ಪಿಯಾನೊ ತುರುಕಲು ಹೇಳುತ್ತಿದ್ದಾರೆಂದು ಭಾವಿಸಿರಬೇಕು ಎಂದು ಆ್ಯಂಥೀಲ್ ಮುಂದೆ ಗೇಲಿ ಮಾಡಿದ್ದಾರೆ. ಅದೇ ಹೊತ್ತಿಗೆ ಅಮೆರಿಕದ ಮಾರ್ಕ್ 14 ಟಾರ್ಪಿಡೊಗಳು ನಿಗದಿಗಿಂತ ಆಳದಲ್ಲಿ ಓಡುವುದು, ಗುರಿಗೆ ತಾಗಿದರೂ ಸಿಡಿಯದಿರುವುದು ಮುಂತಾದ ದೋಷಗಳಿಂದ ನರಳುತ್ತಿದ್ದವು. ನೆಟ್ಟಗೆ ಓಡಿ ಸಿಡಿಯುವ ಟಾರ್ಪಿಡೊ ಇಲ್ಲದವರಿಗೆ ಆವರ್ತನ ಜಿಗಿಯುವ ಟಾರ್ಪಿಡೊ ದೂರದ ಮಾತಾಗಿತ್ತು.

ಬಾಂಡ್ ಮಾರಲು ಅಟ್ಟಿದರು ಎಂಬ ಮಾತಿನಲ್ಲಿ ಇನ್ನೊಂದು ತಪ್ಪು ಗ್ರಹಿಕೆ ಅಡಗಿದೆ: ಬಾಂಡ್ ಮಾರಾಟ ಒಂದು ಬಗೆಯ ಶಿಕ್ಷೆ ಅಥವಾ ಅವಮಾನ ಎಂಬುದು. 1942ರ ಸೆಪ್ಟೆಂಬರ್‌ನ ಬಾಂಡ್ ಅಭಿಯಾನಕ್ಕೆ ಹೋದವರು ಲಮಾರ್ ಒಬ್ಬರೇ ಅಲ್ಲ, ಹಾಲಿವುಡ್ಡೇ ಊರೂರಿಗೆ ಹೊರಟಿತ್ತು. ಅದೇ ವರ್ಷದ ಜನವರಿಯಲ್ಲಿ ನಟಿ ಕ್ಯಾರೊಲ್ ಲೊಂಬಾರ್ಡ್ ಇಂಡಿಯಾನಪೊಲಿಸ್‌ನಲ್ಲಿ 20 ಲಕ್ಷ ಡಾಲರಿಗೂ ಮಿಕ್ಕಿ ಬಾಂಡ್ ಮಾರಿ ಮರಳುವಾಗ, ಲಾಸ್ ವೇಗಸ್ ಬಳಿಯ ಬೆಟ್ಟಕ್ಕೆ ವಿಮಾನ ಅಪ್ಪಳಿಸಿ, ತಾಯಿಯೊಂದಿಗೆ ಸತ್ತಿದ್ದರು; ವಯಸ್ಸು 33.

ಬಾಂಡ್ ಎಂದರೇನೆಂದು ಮಕ್ಕಳಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಫಲಕದಲ್ಲಿ ಇದಕ್ಕೆ ಜಾಗ ಕೊಡಿ. ಜನಸಾಮಾನ್ಯರಿಗಾಗಿ ಇದ್ದ ‘ಇ’ ಶ್ರೇಣಿಯ ಅತಿ ಚಿಕ್ಕ ಬಾಂಡಿಗೆ ಇವತ್ತು 18.75 ಡಾಲರ್ ಕೊಟ್ಟರೆ ಹತ್ತು ವರ್ಷದ ಮೇಲೆ 25 ಡಾಲರ್ ವಾಪಸು. ಅಷ್ಟು ಹಣವಿಲ್ಲದವರು, ಶಾಲೆಯ ಮಕ್ಕಳು ಸಹ, 10 ಸೆಂಟ್, 25 ಸೆಂಟಿನ ಚೀಟಿಗಳನ್ನು ಕೊಂಡು ಪುಸ್ತಕದಲ್ಲಿ ಅಂಟಿಸುತ್ತಾ ಹೋಗಿ, ಪುಸ್ತಕ ತುಂಬಿದಾಗ ಬಾಂಡ್ ಪಡೆಯುತ್ತಿದ್ದರು. ಯುದ್ಧಕ್ಕೆ ಹಣ ಸಿಗುವುದರ ಜೊತೆಗೆ, ಕಾರ್ಖಾನೆಗಳಲ್ಲಿ ಕೈತುಂಬ ಕೂಲಿ ಇದ್ದು ಅಂಗಡಿಯಲ್ಲಿ ಸರಕಿಲ್ಲದ ಆ ಕಾಲದಲ್ಲಿ ಜನರ ಕೈಯ ಹಣವನ್ನು ಹೊರಗೆಳೆದು ಬೆಲೆಯೇರಿಕೆಗೆ ಕಡಿವಾಣ ಹಾಕುವುದೂ ಇದರ ಉದ್ದೇಶ. ಇದು ದಾನವಲ್ಲ, ಪ್ರಜೆ ಸರ್ಕಾರಕ್ಕೆ ಕೊಟ್ಟ ಸಾಲ. ಲಮಾರ್ ಒಂದೇ ದಿನದಲ್ಲಿ 70 ಲಕ್ಷ ಡಾಲರಿನ ಬಾಂಡ್ ಮಾರಿದರೆಂದು ಎಲ್ಲ ಕಡೆ ಬರುತ್ತದೆ. ಅದನ್ನು ಬರೆಯುವುದಾದರೆ ‘ಎನ್ನಲಾಗಿದೆ’ ಎಂದೇ ಬರೆಯಿರಿ. ಇಂಥ ಸಭೆಗಳ ಮೊತ್ತದಲ್ಲಿ ಕಂಪನಿಗಳ ದೊಡ್ಡ ಖರೀದಿ, ಕೊಡುತ್ತೇವೆಂಬ ವಾಗ್ದಾನ ಎಲ್ಲವೂ ಸೇರುತ್ತಿದ್ದವು, ಪ್ರಚಾರ ವಿಭಾಗಗಳು ಅಂಕಿಯನ್ನು ಇಳಿಸಿ ಹೇಳಿದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಲಿವುಡ್ ಕ್ಯಾಂಟೀನ್ ನಿಮ್ಮ ಸಂದೇಶದಲ್ಲಿ ಇಲ್ಲವೇ ಇಲ್ಲ. ನಟಿ ಬೆಟಿ ಡೇವಿಸ್ ಮತ್ತು ನಟ ಜಾನ್ ಗಾರ್‌ಫೀಲ್ಡ್ ಮುಂದೆ ನಿಂತು ಲಾಸ್ ಏಂಜಲೀಸ್‌ನ ಕಹುಯೆಂಗಾ ರಸ್ತೆಯಲ್ಲಿ 1942ರ ಅಕ್ಟೋಬರ್ 3ರಂದು ಆರಂಭಿಸಿದ ಈ ತಾಣ 1945ರ ನವೆಂಬರ್‌ವರೆಗೆ ನಡೆಯಿತು. ಪೆಸಿಫಿಕ್ ರಣರಂಗಕ್ಕೆ ಹೊರಟ ಸೈನಿಕರಿಗೆ ಅಲ್ಲಿ ಎಲ್ಲವೂ ಉಚಿತ, ಮೈಮೇಲಿನ ಸಮವಸ್ತ್ರವೇ ಟಿಕೆಟ್. ಸ್ಯಾಂಡ್‌ವಿಚ್ ಮತ್ತು ಕಾಫಿ ಸಿಗುತ್ತಿತ್ತು, ಮದ್ಯ ಇರಲಿಲ್ಲ. ಚಿತ್ರೋದ್ಯಮದ ಕಾರ್ಮಿಕ ಸಂಘಗಳ ಸದಸ್ಯರು ಕಟ್ಟಡ ರಿಪೇರಿಯಿಂದ ಹಿಡಿದು ಎಲ್ಲಕ್ಕೂ ಕೈಜೋಡಿಸಿದ್ದರು. ತಾರೆಯರು ಬಡಿಸುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ಹಸ್ತಾಕ್ಷರ ಹಾಕುತ್ತಿದ್ದರು, ಹಳ್ಳಿಯಿಂದ ಬಂದ ನಾಚಿಕೆಯ ಹುಡುಗರೊಂದಿಗೆ ನೃತ್ಯಕ್ಕೆ ಹೆಜ್ಜೆ ಹಾಕುತ್ತಿದ್ದರು. ಸೇನೆಯಲ್ಲೇ ಬಿಳಿಯರೂ ಕರಿಯರೂ ಬೇರೆ ಬೇರೆ ದಳಗಳಲ್ಲಿದ್ದ ಆ ದಿನಗಳಲ್ಲಿ ಈ ಕ್ಯಾಂಟೀನಿನ ಬಾಗಿಲು ಇಬ್ಬರಿಗೂ ತೆರೆದಿತ್ತು. ಲಮಾರ್ ಅಲ್ಲಿ ಸ್ವಯಂಸೇವಕಿಯಾಗಿದ್ದರು, ಹಗಲು ಚಿತ್ರೀಕರಣ ಮುಗಿಸಿ ಸಂಜೆ ಹೋಗುತ್ತಿದ್ದವರ ಪೈಕಿ ಒಬ್ಬರು. ಅವರಿಗೆ ಆಗ ಅಮೆರಿಕದ ಪೌರತ್ವವೂ ಇರಲಿಲ್ಲ ಎಂಬುದನ್ನು ಗಮನಿಸಿ. ಅದು ಸಿಕ್ಕಿದ್ದು 1953ರಲ್ಲಿ.

ಇನ್ನು ಫಲಕ. ನಿಮ್ಮ ಮುಂದೆ ಮೂರು ದಾರಿಗಳಿವೆ. ‘ವೈ-ಫೈಯ ತಾಯಿ’ ಎಂಬ ಶೀರ್ಷಿಕೆಯನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಉಳಿಸಿಕೊಳ್ಳುವುದು ಮೊದಲನೆಯದು. ಜನ ನಿಂತು ಓದುತ್ತಾರೆ, ಆದರೆ ಹೆಚ್ಚಿನವರು ಶೀರ್ಷಿಕೆಯನ್ನಷ್ಟೇ ಓದಿ ಪ್ರಶ್ನಾರ್ಥಕ ಚಿಹ್ನೆಯನ್ನು ಮರೆತು ಹೋಗುತ್ತಾರೆ. ಸುಳ್ಳನ್ನು ಅಲ್ಲಗಳೆಯಲೆಂದು ಹೇಳಿದರೂ ಅದು ಹರಡುತ್ತದೆ. ಎರಡನೆಯದು, ರಗಳೆಯೇ ಬೇಡವೆಂದು ಆವಿಷ್ಕಾರವನ್ನು ಬಿಟ್ಟು ನಟಿಯಾಗಿ, ಬಾಂಡ್ ಮಾರಿದವರಾಗಿ ಮಾತ್ರ ತೋರಿಸುವುದು. ಇದು ಸುರಕ್ಷಿತವೆನಿಸಿದರೂ ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿಯನ್ನು ಮುಚ್ಚಿಟ್ಟಂತೆ. ಜಾಣ ವಿದ್ಯಾರ್ಥಿನಿಯೊಬ್ಬಳು ಪೇಟೆಂಟ್ ಸಂಖ್ಯೆ ಹಿಡಿದು ಬಂದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ವಿಜ್ಞಾನ ದಿನಕ್ಕೆ ಅದು ಒಪ್ಪುವುದೂ ಇಲ್ಲ.

ನಾನು ಹೇಳುವುದು ಮೂರನೆಯದನ್ನು: ದಾಖಲೆ ಎಷ್ಟು ಹೇಳುತ್ತದೋ ಅಷ್ಟು. ‘ಶತ್ರುವಿಗೆ ತಡೆಯಲಾಗದಂತೆ ಟಾರ್ಪಿಡೊವನ್ನು ನಿಯಂತ್ರಿಸಲು, ಆವರ್ತನ ಬದಲಿಸುತ್ತಾ ಸಾಗುವ ರೇಡಿಯೊ ವ್ಯವಸ್ಥೆಯೊಂದಕ್ಕೆ ಹೆಡಿ ಲಮಾರ್ ಮತ್ತು ಜಾರ್ಜ್ ಆ್ಯಂಥೀಲ್ 1942ರಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಅದು ಬಳಕೆಯಾಗಲಿಲ್ಲ. ಇದೇ ಬಗೆಯ ಕಲ್ಪನೆ ಇಂದು ಬ್ಲೂಟೂತ್‌ನಲ್ಲಿದೆ.’ ಈ ಮೂರು ವಾಕ್ಯಗಳನ್ನು ಯಾರೂ ಅಲ್ಲಗಳೆಯಲಾರರು. ತಂತ್ರಜ್ಞರ ಲೋಕ ಆಕೆಯನ್ನು ತಡವಾಗಿಯಾದರೂ ಗುರುತಿಸಿತು: 1997ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ನಿನ ಪ್ರಶಸ್ತಿ, ಆಕೆ 2000ದಲ್ಲಿ ತೀರಿಕೊಂಡ ಮೇಲೆ 2014ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವಪಟ್ಟಿಯಲ್ಲಿ ಸ್ಥಾನ. ಇದನ್ನೂ ಸೇರಿಸಿ.

ಈ ದಾರಿಯ ಅಪಾಯವೆಂದರೆ ಫಲಕ ಸಪ್ಪೆಯಾಗಿ ಕಂಡು ಜನ ಮುಂದೆ ಸಾಗುವುದು. ಅದಕ್ಕೆ ಮದ್ದಾಗಿ ಪಕ್ಕದಲ್ಲೊಂದು ಆಟ ಇಡಿ. ಏಳು ಮಕ್ಕಳು ಏಳು ಆವರ್ತನಗಳಾಗಿ ಸಾಲಾಗಿ ನಿಲ್ಲಲಿ. ಕಳಿಸುವವಳ ಕೈಯಲ್ಲೂ ಪಡೆಯುವವಳ ಕೈಯಲ್ಲೂ ಒಂದರಿಂದ ಏಳರವರೆಗಿನ ಸಂಖ್ಯೆಗಳನ್ನು ಹಿಂದುಮುಂದಾಗಿ ಬರೆದ ಒಂದೇ ಪಟ್ಟಿಯ ಎರಡು ಪ್ರತಿಗಳಿರಲಿ. ಚಪ್ಪಾಳೆ ಬಿದ್ದಾಗಲೆಲ್ಲ ಕಳಿಸುವವಳು ಪಟ್ಟಿಯಲ್ಲಿರುವ ಸಂಖ್ಯೆಯವಳಿಗೆ ‘ಎಡ’ ಅಥವಾ ‘ಬಲ’ ಎಂಬ ಚೀಟಿ ಕೊಡಲಿ, ಪಡೆಯುವವಳು ಅವಳಿಂದಲೇ ಅದನ್ನು ಇಸಿದುಕೊಳ್ಳಲಿ. ಶತ್ರುವಾದವಳು ಯಾರೋ ಒಬ್ಬಳನ್ನು ಮಾತ್ರ ಅಡ್ಡಗಟ್ಟಬಹುದು. ಸುಮಾರು ಏಳರಲ್ಲೊಂದು ಚೀಟಿ ತಪ್ಪುತ್ತದೆ, ಉಳಿದವು ತಲುಪುತ್ತವೆ. ಆಮೇಲೆ ಪಡೆಯುವವಳನ್ನು ಬೇಕೆಂದೇ ಒಂದು ಚಪ್ಪಾಳೆ ತಡವಾಗಿ ಶುರುಮಾಡಿಸಿ; ಚೀಟಿಗಳೆಲ್ಲ ಗಲಿಬಿಲಿಯಾಗುತ್ತವೆ. ಎರಡು ಪಟ್ಟಿಗಳು ಹೆಜ್ಜೆ ತಪ್ಪದಂತೆ ನೋಡಿಕೊಳ್ಳುವುದಕ್ಕೆ ಪಿಯಾನೊ ಬಲ್ಲ ಆ್ಯಂಥೀಲ್ ಏಕೆ ಬೇಕಾದರು ಎಂದು ಆಗ ಮಕ್ಕಳನ್ನೇ ಕೇಳಿ. ನಿಮ್ಮ ಸಹೋದ್ಯೋಗಿಯನ್ನು ಶತ್ರುವಿನ ಪಾತ್ರಕ್ಕೆ ಕರೆಯಬಹುದು, ಅವರು ಬೇಡವೆನ್ನಲಾರರು.